ಕ್ವಾಯ್ ಸೇತುವೆ ಕಟ್ಟಿದವರು

ಕೆ.ಜಿ.ಎಫ್.ನಲ್ಲಿ ಬೆಳೆದ ನನ್ನ ಓರಗೆಯವರಿಗೆ ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ ಪರದೇಶದ ಸಿನಿಮಾ ಅನ್ನಿಸಿದ್ದೇ ಇಲ್ಲ. ಚಿನ್ನದ ಗಣಿ 1956ರಲ್ಲೇ ಬ್ರಿಟಿಷ್ ಕಂಪನಿಯಿಂದ ಮೈಸೂರು ಸರ್ಕಾರದ ಕೈಗೆ ಬಂದಿತ್ತು. ಆದರೂ ಊರಿನ ನಡವಳಿಕೆಯಲ್ಲಿ ದೊರೆಗಳ ಕಾಲ ಪೂರ್ತಿ ಮುಗಿದಿರಲಿಲ್ಲ. ದಿಣ್ಣೆಯ ಮೇಲೆ ಬಂಗಲೆಗಳು, ಅವುಗಳ ಕೆಳಗೆ ಗುಮಾಸ್ತರ ಕ್ವಾರ್ಟರ್ಸು, ಇನ್ನೂ ಕೆಳಗೆ ಸಾಲುಸಾಲಾಗಿ ಕೂಲಿ ಲೈನುಗಳು. ಯಾರು ಎಲ್ಲಿರಬೇಕೆಂಬುದನ್ನು ಊರಿನ ನಕಾಶೆಯೇ ಹೇಳುತ್ತಿತ್ತು. ಅಂಥ ಊರಿನ ಹುಡುಗರಿಗೆ ಕಾಡಿನ ನಡುವಿನ ಶಿಬಿರ, ಅಲ್ಲೊಬ್ಬ ಗತ್ತಿನ ಕರ್ನಲ್, ಅವನ ಒಂದು ಮಾತಿಗೆ ಸೆಟೆದು ನಿಲ್ಲುವ ಸಿಪಾಯಿಗಳು, ಎಲ್ಲವೂ ಪರಿಚಯದ್ದೇ ಆಗಿ ಕಂಡವು.

ಸಿನಿಮಾ ಬಿಡುಗಡೆಯಾದದ್ದು 1957ರಲ್ಲಿ. ನಾನು ಅದನ್ನು ನೋಡಿದ್ದು ಎಪ್ಪತ್ತರ ದಶಕದಲ್ಲಿ, ಮರುಪ್ರದರ್ಶನಕ್ಕೆ ಬಂದಾಗ, ಗಣಿಯ ಲೆಕ್ಕಪತ್ರದ ಆಫೀಸಿನಲ್ಲಿದ್ದ ಅಪ್ಪನ ಪಕ್ಕದಲ್ಲಿ ಕೂತು. ಚಿಂದಿ ಬಟ್ಟೆ, ಬಾಯಿಬಿಟ್ಟ ಬೂಟುಗಳ, ಜಪಾನಿಯರ ಸೆರೆ ಸಿಕ್ಕ ಬ್ರಿಟಿಷ್ ಕೈದಿಗಳು ‘ಕರ್ನಲ್ ಬೋಗಿ’ ಮಾರ್ಚನ್ನು ಸೀಟಿಯಲ್ಲಿ ಹಾಡುತ್ತ ಶಿಬಿರದೊಳಗೆ ಹೆಜ್ಜೆಹಾಕಿ ಬರುತ್ತಾರಲ್ಲ, ಆ ದೃಶ್ಯಕ್ಕೆ ಅಪ್ಪ ನೆಟ್ಟಗೆ ಕೂತರು. ಮಾರನೆಯ ವಾರ ಶಾಲೆಯ ಡ್ರಿಲ್ಲಿನಲ್ಲಿ ಎಲ್ಲ ಹುಡುಗರ ತುಟಿಯ ಮೇಲೂ ಅದೇ ಸೀಟಿ.

ಅದು ಇವತ್ತಿಗೂ ನನಗೆ ಬಹಳ ಇಷ್ಟವಾದ ಸಿನಿಮಾ. ನಿರ್ದೇಶಕ ಡೇವಿಡ್ ಲೀನ್ ಕಾಡನ್ನು ತೋರಿಸುವ ರೀತಿ, ಬಿಸಿಲಿಗೆ ಕಾದ ತಗಡಿನ ಗೂಡಿನಿಂದ ಹೊರಬರುವ ಅಲೆಕ್ ಗಿನ್ನೆಸ್ಸನ ತೂರಾಡುವ ನಡಿಗೆ. ಪೋಲಿಯೋದಿಂದ ಚೇತರಿಸಿಕೊಳ್ಳುತ್ತಿದ್ದ ತನ್ನ ಮಗ ಹೆಜ್ಜೆ ಇಡುತ್ತಿದ್ದ ಬಗೆಯನ್ನು ಗಿನ್ನೆಸ್ ಆ ದೃಶ್ಯಕ್ಕೆ ತಂದುಕೊಂಡಿದ್ದ ಎಂದು ಓದಿದ ಮೇಲೆ ಅದನ್ನು ಕಣ್ಣು ತೇವವಾಗದೆ ನೋಡಲು ನನಗೆ ಸಾಧ್ಯವಾಗಿಲ್ಲ. ಗಿನ್ನೆಸ್ ಆಡುವ ಪಾತ್ರ, ಕರ್ನಲ್ ನಿಕೋಲ್ಸನ್, ತನ್ನ ಅಧಿಕಾರಿಗಳಿಂದ ಮೈಕೆಲಸ ಮಾಡಿಸಕೂಡದೆಂದು ಜಿನೀವಾ ಒಪ್ಪಂದ ಮುಂದಿಟ್ಟು ಹಟ ಹಿಡಿಯುತ್ತಾನೆ, ಗೆಲ್ಲುತ್ತಾನೆ. ಗೆದ್ದ ಮೇಲೆ ಶತ್ರುವಿಗಾಗಿಯೇ ಅತ್ಯುತ್ತಮ ಸೇತುವೆ ಕಟ್ಟಲು ಹೊರಡುತ್ತಾನೆ. ಕರ್ತವ್ಯನಿಷ್ಠೆ ಯಾವ ಗಳಿಗೆಯಲ್ಲಿ ಹುಚ್ಚಾಗುತ್ತದೆ ಎಂಬುದನ್ನು ಇಷ್ಟು ಬಿಗಿಯಾಗಿ ಹೇಳಿದ ಸಿನಿಮಾ ಇನ್ನೊಂದನ್ನು ನಾನು ಕಂಡಿಲ್ಲ. ಏಳು ಆಸ್ಕರ್ ಬಂದದ್ದು ನ್ಯಾಯವಾಗಿಯೇ ಬಂತು.

ನಮ್ಮ ಮನೆಗೆ ಹಾಲು ತರುತ್ತಿದ್ದ ಪಾಟಿ, ಅಂದರೆ ತಮಿಳಿನ ಅಜ್ಜಿ, ಚಾಂಪಿಯನ್ ರೀಫಿನ ಲೈನಿನವರು. ಉತ್ತರ ಆರ್ಕಾಟಿನ ಹಳ್ಳಿಯಿಂದ ಮದುವೆಯಾಗಿ ಗಣಿಗೆ ಬಂದವರು. ಅವರ ಅಣ್ಣನನ್ನು ಅದೇ ಹಳ್ಳಿಯಿಂದ, ಕೂಲಿಯಾಳುಗಳನ್ನು ಕೂಡಿಸುವ ಕಾಂಗಾಣಿಯೊಬ್ಬ ಮಲಯಾದ ರಬ್ಬರ್ ತೋಟಕ್ಕೆ ಕರೆದುಕೊಂಡು ಹೋಗಿದ್ದ. ಬರಗಾಲದ ಸೀಮೆಯ ಜನ ಆ ಕಾಲದಲ್ಲಿ ಹೀಗೇ ಚದುರಿದರು. ಒಬ್ಬರು ಕೋಲಾರದ ಚಿನ್ನಕ್ಕೆ, ಒಬ್ಬರು ಸಿಲೋನಿನ ಚಹಾಕ್ಕೆ, ಒಬ್ಬರು ಮಲಯಾದ ರಬ್ಬರಿಗೆ. ಜಪಾನಿನ ಯುದ್ಧ ಶುರುವಾದ ಮೇಲೆ ಅಣ್ಣನ ಕಾಗದ ನಿಂತಿತು. ಯುದ್ಧ ಮುಗಿದ ಮೇಲೆ ಅದೇ ತೋಟದ ಯಾರೋ ಬರೆದು ತಿಳಿಸಿದರು, ಸಯಾಮ್ ರೈಲಿನ ಕೆಲಸಕ್ಕೆ ಹಿಡಿದುಕೊಂಡು ಹೋದರು, ಆಮೇಲೆ ವಾಪಸು ಬರಲಿಲ್ಲ ಎಂದು.

ಇದು ನನಗೆ ತಿಳಿದದ್ದು ಆ ಸೀಟಿಯಿಂದಲೇ. ಹಿತ್ತಲಲ್ಲಿ ಸೀಟಿ ಹಾಕುತ್ತಿದ್ದ ನನ್ನನ್ನು ಪಾಟಿ ಅದೇನು ಹಾಡು ಎಂದು ಕೇಳಿದರು. ನಾನು ಉತ್ಸಾಹದಿಂದ ಕಥೆ ಹೇಳಿದೆ. ಸಯಾಮಿನ ಕಾಡು, ಜಪಾನಿಯರು, ನದಿ, ಸೇತುವೆ, ರೈಲು.

“ಸಯಾಮ್ ರೈಲಾ? ಅದ್ರಲ್ಲಿ ನಮ್ಮ ಜನ ಇದಾರಾ, ಕಣ್ಣು?”

“ಇಲ್ಲ ಪಾಟಿ. ಎಲ್ಲ ಬಿಳೀ ಸೋಲ್ಜರ್ಸೇ.”

“ಹಂಗಾದ್ರೆ ಅದು ಬೇರೆ ರೈಲು ಇರ್ಬೇಕು” ಎಂದು ಅವರು ಹಾಲಿನ ಪಾತ್ರೆ ಎತ್ತಿಕೊಂಡು ಹೋದರು.

ಬೇರೆ ರೈಲಲ್ಲ, ಅದೇ ರೈಲು ಎಂದು ನನಗೆ ಪುಸ್ತಕಗಳು ಹೇಳುವ ಹೊತ್ತಿಗೆ ನಾನು ಬೆಂಗಳೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ, ಪಾಟಿ ತೀರಿಕೊಂಡಿದ್ದರು. ಬರ್ಮಾ-ಸಯಾಮ್ ರೈಲುಮಾರ್ಗ 415 ಕಿಲೋಮೀಟರ್ ಉದ್ದ. ಸಯಾಮ್, ಅಂದರೆ ಇಂದಿನ ಥಾಯ್ಲೆಂಡಿನ ಬಾನ್ ಪಾಂಗ್‌ನಿಂದ ಬರ್ಮಾದ ಥನ್‌ಬ್ಯೂಜಯಾತ್‌ವರೆಗೆ. 1942ರಲ್ಲಿ ಆರಂಭವಾಗಿ 1943ರ ಅಕ್ಟೋಬರಿನಲ್ಲಿ ಎರಡು ತುದಿಗಳೂ ಕೂಡಿದವು. ಬರ್ಮಾದಲ್ಲಿದ್ದ ಜಪಾನಿ ಸೇನೆಗೆ ಸಮುದ್ರದ ದಾರಿಯಲ್ಲಿ ಸರಕು ಸಾಗಿಸುವುದು ಅಪಾಯವಾದಾಗ ನೆಲದ ದಾರಿ ಬೇಕಾಯಿತು. 60,000ಕ್ಕೂ ಹೆಚ್ಚು ಮಿತ್ರಪಕ್ಷದ ಯುದ್ಧಕೈದಿಗಳನ್ನು ಅದಕ್ಕೆ ಹಚ್ಚಿದರು. ಅವರಲ್ಲಿ 12,000ಕ್ಕೂ ಹೆಚ್ಚು ಮಂದಿ ಸತ್ತರು. ಸಿನಿಮಾ ಹೇಳುವುದು ಇವರ ಕಥೆ, ಅದೂ ಇವರಲ್ಲಿ ಬ್ರಿಟಿಷರ ಕಥೆ. ಇವರ ಜೊತೆಗೇ 1,80,000ಕ್ಕೂ ಹೆಚ್ಚು ಏಷ್ಯಾದ ಕೂಲಿಗಳು ಅಲ್ಲಿ ದುಡಿದರು. ಮಲಯಾದ ತಮಿಳರು, ಬರ್ಮಿಯರು, ಜಾವಾದವರು, ಮಲಯರು, ಚೀನೀಯರು. ಅವರಲ್ಲಿ ಸತ್ತವರು ಸುಮಾರು 90,000 ಎಂಬುದು ಅಂದಾಜು. ಅಂದಾಜು ಏಕೆಂದರೆ ಸೈನಿಕರಿಗೆ ಇದ್ದಂತೆ ಅವರಿಗೆ ಹಾಜರಿ ಪುಸ್ತಕವನ್ನು ಕಾಪಾಡಿ ಇಡುವ ಅಧಿಕಾರಿಗಳು ಇರಲಿಲ್ಲ. 1943ರ ಮಳೆಗಾಲದಲ್ಲಿ ಕಾಲರಾ ಬಂದಾಗ ಕೈದಿಗಳ ಶಿಬಿರಗಳಲ್ಲಿ ಅವರದೇ ಸೇನಾ ವೈದ್ಯರಿದ್ದರು, ನೀರು ಕುದಿಸಿ ಕುಡಿಯುವ ಶಿಸ್ತಿತ್ತು. ಕೂಲಿಗಳ ಶಿಬಿರಗಳಲ್ಲಿ ಬಹುಪಾಲು ಕಡೆ ಯಾರೂ ಇರಲಿಲ್ಲ. ಹೆಂಡತಿ ಮಕ್ಕಳ ಸಮೇತ ಹೋದವರು ಗುಂಪುಗುಂಪಾಗಿ ಸತ್ತರು.

ಅವರನ್ನು ಕರೆದೊಯ್ದ ಬಗೆಯೂ ಗೊತ್ತಾಯಿತು. ಮೊದಲು ಕೆಲವು ತಿಂಗಳ ಕೆಲಸ, ಒಳ್ಳೆಯ ಕೂಲಿ ಎಂಬ ಆಸೆ. ಹೋದವರು ಯಾರೂ ತಿರುಗಿ ಬಾರದೆ ಸುದ್ದಿ ಹರಡಿದ ಮೇಲೆ ಬಲವಂತ. ಬದುಕಿ ಬಂದವರು ಹೇಳಿದ್ದರಲ್ಲಿ ಒಂದು ವಿವರ ನನ್ನನ್ನು ಬಿಟ್ಟುಹೋಗಿಲ್ಲ. ಪುಕ್ಕಟೆ ಸಿನಿಮಾ ತೋರಿಸುತ್ತೇವೆಂದು ಜನರನ್ನು ಕೂಡಿಸಿ, ಬಾಗಿಲು ಹಾಕಿ, ಒಳಗಿದ್ದ ಗಂಡಸರನ್ನು ನೇರವಾಗಿ ರೈಲಿಗೆ ತುಂಬಿದರಂತೆ. ಸಿನಿಮಾ ನೋಡಲು ಬಂದವರನ್ನು ಹಿಡಿದು ಕಟ್ಟಿಸಿದ ರೈಲು ಅದು. ಆ ರೈಲಿನ ಮೇಲೆ ಮುಂದೆ ಬಂದ ಜಗತ್ಪ್ರಸಿದ್ಧ ಸಿನಿಮಾದಲ್ಲಿ ಅವರಿಗೆ ಜಾಗವಿಲ್ಲ.

ಕಥೆ ಬರೆದ ಫ್ರೆಂಚ್ ಲೇಖಕ ಪಿಯೆರ್ ಬೂಲ್‌ಗೆ ಈ ಜನರ ಪರಿಚಯವೇ ಇರಲಿಲ್ಲ ಎನ್ನುವಂತಿಲ್ಲ. ಯುದ್ಧಕ್ಕೆ ಮುಂಚೆ ಅವನು ಮಲಯಾದ ರಬ್ಬರ್ ತೋಟದಲ್ಲೇ ಕೆಲಸ ಮಾಡಿದ್ದ, ರಬ್ಬರ್ ಮರದ ಹಾಲು ಇಳಿಸುವ ತಮಿಳರ ನಡುವೆ. ನಿಕೋಲ್ಸನ್ ಪಾತ್ರಕ್ಕೆ ಮಾದರಿಯಾಗಿ ಅವನ ಮನಸ್ಸಿನಲ್ಲಿದ್ದವರು ಶತ್ರುವಿನೊಂದಿಗೆ ಕೈಜೋಡಿಸಿದ ಫ್ರೆಂಚ್ ಅಧಿಕಾರಿಗಳು. ಸಿನಿಮಾ ತಯಾರಾದದ್ದು ಸಿಲೋನಿನ ಕಿತುಲ್‌ಗಲದಲ್ಲಿ, ಕೆಲಾನಿ ನದಿಯ ಮೇಲೆ. ಅದು ತೋಟಗಳ ಸೀಮೆ. 1948ರ ಪೌರತ್ವ ಕಾಯ್ದೆಯಿಂದ ಯಾವ ದೇಶಕ್ಕೂ ಸೇರದಂತಾದ ತಮಿಳು ತೋಟದ ಕೂಲಿಗಳು ಆ ದ್ವೀಪದಲ್ಲಿ ಆಗ ಲಕ್ಷಾಂತರ ಇದ್ದರು. ಸತ್ತ ಕೂಲಿಗಳ ಬಂಧುಬಳಗದಂಥ ಜನ ಕ್ಯಾಮರಾದ ಸುತ್ತಲೇ ಇದ್ದರು, ಕ್ಯಾಮರಾದ ಮುಂದೆ ಬರಲಿಲ್ಲ. ತೆರೆಯ ಮೇಲೆ ಸ್ಥಳೀಯರೆಂದು ನಮಗೆ ಮುಖ್ಯವಾಗಿ ಕಾಣುವುದು ಸೇತುವೆ ಒಡೆಯಲು ಹೋಗುವ ಕಮಾಂಡೋಗಳ ಹೊರೆ ಹೊರುವ ಸಯಾಮಿನ ಹೆಂಗಸರು. ಅವರು ಹೊರುತ್ತಾರೆ, ನಗುತ್ತಾರೆ, ಸೈನಿಕರ ಮೇಲೆ ಮನಸಿಡುತ್ತಾರೆ. ಅವರ ಮಾತು ಏನೆಂದು ನಮಗೆ ತಿಳಿಸುವ ಅಗತ್ಯ ಯಾರಿಗೂ ಕಂಡಿಲ್ಲ.

ಇನ್ನು ಜಪಾನಿಯರ ಚಿತ್ರಣ. ಇದರಲ್ಲಿ ನಾನು ಸಿನಿಮಾದ ಪರವಾಗಿ ಒಂದು ಮಾತು ಹೇಳಬೇಕು. ಯುದ್ಧದ ಕಾಲದಲ್ಲಿ ಹಾಲಿವುಡ್ ಜಪಾನಿಯರನ್ನು ತೋರಿಸಿದ ರೀತಿಗೆ ಹೋಲಿಸಿದರೆ ಶಿಬಿರದ ಅಧಿಪತಿ ಕರ್ನಲ್ ಸೈಟೋ ಮನುಷ್ಯ. ಅವನ ಕೋಪದ ಹಿಂದೆ ಭಯವಿದೆ. ನಿಕೋಲ್ಸನ್‌ಗೆ ಸೋತ ಮೇಲೆ ಒಬ್ಬನೇ ಕೂತು ಬಿಕ್ಕುವ ಒಂದು ದೃಶ್ಯವಿದೆ. ಸೆಸ್ಸುಯೆ ಹಯಕಾವ ಅದನ್ನು ಮಾಡಿದ ರೀತಿಗೆ ಕೈಮುಗಿಯಬೇಕು. ಮೂಕಿ ಚಿತ್ರಗಳ ಕಾಲದಲ್ಲಿ, 1915ರ ‘ದಿ ಚೀಟ್’ ಹೊತ್ತಿನಿಂದ, ಹಾಲಿವುಡ್ಡಿನ ದೊಡ್ಡ ತಾರೆಯಾಗಿದ್ದವನು ಅವನು.

ಆದರೆ ಆ ಕಣ್ಣೀರನ್ನು ಕೊಟ್ಟ ಸಿನಿಮಾ ಅವನಿಂದ ಇನ್ನೊಂದನ್ನು ಕಿತ್ತುಕೊಳ್ಳುತ್ತದೆ, ಬುದ್ಧಿಯನ್ನು. ಸಿನಿಮಾದಲ್ಲಿ ಜಪಾನಿಯರಿಗೆ ಸೇತುವೆ ಕಟ್ಟಲು ಬರುವುದಿಲ್ಲ. ಅವರು ಆರಿಸಿದ ಜಾಗವೇ ತಪ್ಪು. ಬ್ರಿಟಿಷ್ ಅಧಿಕಾರಿಗಳು ಮೇಜಿನ ಸುತ್ತ ಕೂತು, ಚಹಾ ಕುಡಿಯುತ್ತ, ಜಾಗ ಬದಲಿಸಿ, ಅಳತೆ ಸರಿಮಾಡಿ, ಕೆಲಸ ಹಂಚಿ ಕಟ್ಟಿ ನಿಲ್ಲಿಸುತ್ತಾರೆ. ಸೈಟೋ ಒಪ್ಪಿ ತಲೆಯಾಡಿಸುತ್ತಾನೆ. ಚಿಕ್ಕವರಾಗಿದ್ದಾಗ ನಮ್ಮೆಲ್ಲರಿಗೂ ಅತ್ಯಂತ ಖುಷಿ ಕೊಟ್ಟ ದೃಶ್ಯ ಅದೇ. ವಾಸ್ತವದಲ್ಲಿ ಆ ಮಾರ್ಗವನ್ನು ಅಳೆದು, ನಕ್ಷೆ ಮಾಡಿ, ಕಟ್ಟಿಸಿದ್ದು ಜಪಾನಿನ ರೈಲ್ವೆ ರೆಜಿಮೆಂಟುಗಳ ಎಂಜಿನಿಯರುಗಳು. ಕಾಂಚನಬುರಿಯ ಹತ್ತಿರ ತಾಮರ್ಕಾನ್ ಎಂಬಲ್ಲಿ ಒಂದು ಮರದ ಸೇತುವೆ, ಒಂದು ಉಕ್ಕಿನ ಸೇತುವೆ ಎದ್ದವು. ಉಕ್ಕಿನ ಕಮಾನುಗಳು ಜಾವಾದಿಂದ ಬಂದವು. ಜಪಾನಿಯರಿಗೆ ಕೊರತೆಯಿದ್ದದ್ದು ಜ್ಞಾನದ್ದಲ್ಲ, ದಯೆಯದ್ದು. ಆಳುವುದು, ಯೋಜಿಸುವುದು ಬಿಳಿಯರ ಸ್ವಭಾವ, ಏಷ್ಯಾದವರು ಒರಟು ಬಲದಿಂದ ಗೆದ್ದರೂ ಕೊನೆಗೆ ಕಲಿಯಬೇಕಾದದ್ದು ಅವರಿಂದಲೇ ಎನ್ನುವ ಹಳೆಯ ನಂಬಿಕೆಯನ್ನು ಸಿನಿಮಾ ಯಾರೂ ಗಮನಿಸದಂತೆ ಒಳಗೆ ಇಟ್ಟುಬಿಟ್ಟಿದೆ. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಬ್ರಿಟಿಷರಿಗೆ ಆದ ದೊಡ್ಡ ಗಾಯವೂ ಅಲ್ಲಿಯೇ. ತಾವು ಕೀಳೆಂದು ಎಣಿಸಿದವರ ಕೈಯಲ್ಲಿ ಸೋತಿದ್ದರು. ಹದಿನೈದು ವರ್ಷಗಳ ನಂತರ ಸಿನಿಮಾ ಆ ಗಾಯಕ್ಕೆ ಮುಲಾಮು ಹಚ್ಚಿತು.

ಟೂಸಿ ಎಂಬುವನ ಕಥೆ ಓದಿದ ಮೇಲೆ ಇದು ಇನ್ನೂ ಸ್ಪಷ್ಟವಾಯಿತು. ತಾಮರ್ಕಾನ್ ಶಿಬಿರದಲ್ಲಿ ಕೈದಿಗಳ ಹಿರಿಯ ಅಧಿಕಾರಿಯಾಗಿದ್ದವನು ಲೆಫ್ಟಿನೆಂಟ್ ಕರ್ನಲ್ ಫಿಲಿಪ್ ಟೂಸಿ. ನಿಕೋಲ್ಸನ್‌ಗೂ ಅವನಿಗೂ ಹೋಲಿಕೆಯೇ ಇಲ್ಲ. ತನ್ನವರಿಗಾಗಿ ಏಟು ತಿಂದ, ಕೆಲಸ ಕೆಡಿಸುವವರನ್ನು ಪ್ರೋತ್ಸಾಹಿಸಿದ. ಅವರು ಗೆದ್ದಲು ತಂದು ಮರದ ಕಂಬಗಳಿಗೆ ಬಿಟ್ಟರು, ಕಾಂಕ್ರೀಟನ್ನು ಕೆಟ್ಟದಾಗಿ ಕಲಸಿದರು. ಅಲ್ಲಿ ಸೈಟೋ ಎಂಬ ಹೆಸರಿನ ನಿಜವಾದ ಸಾರ್ಜೆಂಟ್ ಮೇಜರ್ ಒಬ್ಬನಿದ್ದ. ಉಳಿದವರಿಗಿಂತ ನ್ಯಾಯವಂತನೆಂದು ಯುದ್ಧ ಮುಗಿದ ಮೇಲೆ ಟೂಸಿ ಅವನ ಪರವಾಗಿ ಮಾತಾಡಿದ, ಅವನು ವಿಚಾರಣೆಯಿಂದ ಉಳಿದುಕೊಂಡ. ಟೂಸಿ ತೀರಿಕೊಂಡ ಮೇಲೆ ಸೈಟೋ ಇಂಗ್ಲೆಂಡಿಗೆ ಹೋಗಿ ಅವನ ಸಮಾಧಿಗೆ ನಮಸ್ಕರಿಸಿದ. ಶತ್ರುಗಳ ನಡುವೆ ಮನುಷ್ಯತ್ವ ಉಳಿದ ಇಂಥ ಒಂದು ಸಂಗತಿ ಇತಿಹಾಸದಲ್ಲೇ ಇತ್ತು. ಸಿನಿಮಾ ಅದನ್ನು ಬಿಟ್ಟು ಜನಾಂಗಗಳ ಸ್ಪರ್ಧೆಯ ಕಥೆಯನ್ನು ಆರಿಸಿಕೊಂಡಿತು.

ಈ ಚೌಕಟ್ಟು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ನನಗೆ ದಾರಿ ತೋರಿಸಿದ್ದು ಅಮೆರಿಕದ ಇತಿಹಾಸಕಾರ ಜಾನ್ ಡವರ್ 1986ರಲ್ಲಿ ಬರೆದ ‘ವಾರ್ ವಿತೌಟ್ ಮರ್ಸಿ’. ಜರ್ಮನರೊಂದಿಗೆ ಕಾದಾಡುವಾಗ ಶತ್ರುವೆಂದರೆ ನಾಜಿ, ಹಿಟ್ಲರ್. ಒಳ್ಳೆಯ ಜರ್ಮನ್ ಎಲ್ಲೋ ಇದ್ದಾನೆಂದು ಎಲ್ಲರೂ ಒಪ್ಪುತ್ತಿದ್ದರು. ಜಪಾನಿನ ವಿಷಯ ಬಂದಾಗ ಶತ್ರು ಇಡೀ ಜನಾಂಗ. ವ್ಯಂಗ್ಯಚಿತ್ರಗಳಲ್ಲಿ ಅವರು ಕೋತಿ, ಇಲಿ, ಹುಳ. 1941ರ ಡಿಸೆಂಬರಿನಲ್ಲಿ ‘ಲೈಫ್’ ಪತ್ರಿಕೆ ಜಪಾನಿಯರನ್ನೂ ಚೀನೀಯರನ್ನೂ ಮುಖ ನೋಡಿ ಗುರುತಿಸುವುದು ಹೇಗೆಂದು ಫೋಟೋಗಳ ಮೇಲೆ ಗೆರೆ ಎಳೆದು ಪಾಠ ಹೇಳಿತು. ಮುಂದಿನ ವರ್ಷ ಸುಮಾರು 1,20,000 ಜಪಾನಿ ಮೂಲದವರನ್ನು ಅಮೆರಿಕ ಶಿಬಿರಗಳಿಗೆ ತಳ್ಳಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಇದೇ ಹಾಲಿವುಡ್ 1951ರ ಹೊತ್ತಿಗೆ ಜರ್ಮನ್ ಸೇನಾನಿ ರೊಮ್ಮೆಲ್‌ನನ್ನು ನಾಯಕನನ್ನಾಗಿಸಿ ‘ದಿ ಡೆಸರ್ಟ್ ಫಾಕ್ಸ್’ ತೆಗೆದಿತ್ತು.

ಡವರ್ ಪುಸ್ತಕದ ಬೆಲೆ ಇರುವುದು ಅವರು ಅಷ್ಟಕ್ಕೇ ನಿಲ್ಲದಿರುವುದರಲ್ಲಿ. ಜಪಾನಿಗೂ ಅದರದೇ ಚೌಕಟ್ಟಿತ್ತು. ಏಷ್ಯಾ ಏಷ್ಯಾದವರಿಗೆ ಎಂದು ಘೋಷಿಸಿದ ಅದು ಏಷ್ಯಾದವರಲ್ಲಿ ತನ್ನನ್ನು ಮುಂದಾಳು ಜನಾಂಗವೆಂದು ಎಣಿಸಿತು. ಜಪಾನಿನ ನೌಕಾಪಡೆ ಮಾಡಿಸಿದ, 1945ರಲ್ಲಿ ತೆರೆಕಂಡ, ಜನಪದ ಕಥೆಯ ವೀರ ಮೊಮೊತಾರೊನ ಕಾರ್ಟೂನ್ ಚಿತ್ರವನ್ನು ನಾನು ಆಮೇಲೆ ನೋಡಿದೆ. ಕೈಚಳಕ ಅದ್ಭುತ. ಅದರಲ್ಲಿ ದಕ್ಷಿಣದ ದ್ವೀಪಗಳ ಜನ ಕಾಡುಪ್ರಾಣಿಗಳು. ಅವುಗಳಿಗೆ ಜಪಾನಿ ಅಕ್ಷರಮಾಲೆಯನ್ನು ಹಾಡಿನಲ್ಲಿ ಕಲಿಸಿ, ಕೆಲಸಕ್ಕೆ ಹಚ್ಚಿ ಉದ್ಧಾರ ಮಾಡುತ್ತಾರೆ. ಬ್ರಿಟಿಷರಿಗೆ ಕೊಂಬು. ಮಲಯಾದ ತಮಿಳು ಕೂಲಿ ಆ ಚಿತ್ರದಲ್ಲೂ ಮನುಷ್ಯನಲ್ಲ. ರೈಲಿನ ಕಾವಲಿಗಿದ್ದವರಲ್ಲಿ ಬಹಳ ಮಂದಿ ಕೊರಿಯನ್ನರು, ಅವರೂ ಜಪಾನಿನ ಆಳ್ವಿಕೆಗೆ ಸಿಕ್ಕವರೇ. ಕೈದಿಗಳನ್ನು ಹೊಡೆದವರು ಅವರು, ಯುದ್ಧಾಪರಾಧಿಗಳೆಂದು ಶಿಕ್ಷೆ ಉಂಡವರಲ್ಲೂ ಅವರಿದ್ದರು.

ಎರಡು ಕಡೆಯ ಚೌಕಟ್ಟುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಗಟ್ಟಿಯಾದ ವಿಚಾರ ಒಂದೇ. ಯುದ್ಧದ ಸಿನಿಮಾದಲ್ಲಿ ನಾವು ಸಾಮಾನ್ಯವಾಗಿ ಶತ್ರುವಿನ ಚಿತ್ರಣವನ್ನಷ್ಟೇ ಪರೀಕ್ಷಿಸುತ್ತೇವೆ. ಶತ್ರುವಿಗೆ ಕೊನೆಗೂ ಒಂದು ಮುಖ ಸಿಗುತ್ತದೆ, ಹಯಕಾವನಂಥ ನಟ ಸಿಗುತ್ತಾನೆ. ಯಾರ ನೋವನ್ನು ನೋವೆಂದು ಎಣಿಸಬೇಕು ಎಂಬ ತೀರ್ಮಾನ ಅದಕ್ಕೂ ಮೊದಲೇ ಆಗಿಹೋಗಿರುತ್ತದೆ. ಜನಾಂಗದ ಲೆಕ್ಕ ಅತ್ಯಂತ ಕಠಿಣವಾಗಿ ಕೆಲಸ ಮಾಡುವುದು ಆ ತೀರ್ಮಾನದಲ್ಲಿ.

ನಮ್ಮ ದೇಶ ಇದರಿಂದ ಹೊರತಾಗಿರಲಿಲ್ಲ. 1962ರಲ್ಲಿ ಚೀನಾದೊಡನೆ ಯುದ್ಧವಾದಾಗ ಅಸ್ಸಾಮ್, ಡಾರ್ಜಿಲಿಂಗ್ ಕಡೆಗಳಲ್ಲಿ ತಲೆಮಾರುಗಳಿಂದ ಬದುಕಿದ್ದ ಚೀನೀ ಮೂಲದ ಸುಮಾರು 3,000 ಜನರನ್ನು ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಲಾಯಿತು. ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಜಪಾನಿ ನಾಗರಿಕರನ್ನು ಕೂಡಿಹಾಕಿದ್ದೂ ಅದೇ ದೇವಲಿಯಲ್ಲಿ. 1964ರಲ್ಲಿ ಬಂದ ಚೇತನ್ ಆನಂದರ ‘ಹಕೀಕತ್’ ನೋಡಿ ನಾನು ಅತ್ತಿದ್ದೇನೆ. ಮದನ್ ಮೋಹನರ ಸಂಗೀತಕ್ಕೆ ಈಗಲೂ ಗಂಟಲು ಕಟ್ಟುತ್ತದೆ. ಲಡಾಖಿನ ಹಿಮದಲ್ಲಿ ಸತ್ತ ನಮ್ಮ ಸೈನಿಕರಿಗೆ ಆ ಗೌರವ ಸಲ್ಲಬೇಕಾದದ್ದೇ. ದೇವಲಿಗೆ ಹೋದ ಬಡಗಿಗಳು, ಚಮ್ಮಾರರು, ಶಾಲೆಯ ಮಕ್ಕಳು ನಮ್ಮ ಜನಪ್ರಿಯ ಸಿನಿಮಾಗಳಲ್ಲಿ ನನಗೆ ಕಾಣಿಸಲಿಲ್ಲ.

ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ನಾನು ವಿದ್ಯಾರ್ಥಿಗಳಿಗೆ ಕ್ವಾಯ್ ಸಿನಿಮಾ ತೋರಿಸುತ್ತಿದ್ದೆ. ಒಂದು ಸಲ ಪ್ರದರ್ಶನದ ಮಾರನೆಯ ದಿನ ಮಣಿಪುರದ ಹುಡುಗನೊಬ್ಬ ಸ್ಟಾಫ್ ರೂಮಿಗೆ ಬಂದ. “ಸರ್, ನಿನ್ನೆಯಿಂದ ಹಾಸ್ಟೆಲಿನಲ್ಲಿ ನನ್ನನ್ನು ಎಲ್ಲರೂ ಸೈಟೋ ಅಂತ ಕರೀತಿದಾರೆ” ಎಂದ. ದೂರು ಕೊಡಲು ಬಂದವನಲ್ಲ, ಹೇಳಿಕೊಳ್ಳಲು ಬಂದವನು. ಸ್ವಲ್ಪ ಹೊತ್ತು ಕೂತ. “ಆ ಯುದ್ಧ ನಮ್ಮೂರಲ್ಲೇ ನಡೆದಿದ್ದು ಸರ್. ನಮ್ಮಜ್ಜಿ ಜಪಾನಿಯರನ್ನೂ ನೋಡಿದಾರೆ, ಬ್ರಿಟಿಷರನ್ನೂ ನೋಡಿದಾರೆ. ಇಬ್ಬರೂ ಸೇರಿ ಗದ್ದೆ ಹಾಳು ಮಾಡಿದ್ರು ಅಂತಾರೆ.” 1944ರ ಇಂಫಾಲ ಯುದ್ಧ ಅವನಿಗೆ ಮನೆಯ ಕಥೆ. ಅವನ ಜೊತೆ ಓದುತ್ತಿದ್ದ ಹುಡುಗರಿಗೆ ಅವನ ಮುಖ ಸಿನಿಮಾದ ಶತ್ರುವಿನ ಮುಖ. ಆ ವಾರದ ತರಗತಿಯನ್ನು ನಾನು ಅವನಿಗೇ ಬಿಟ್ಟುಕೊಟ್ಟೆ. ಅಜ್ಜಿಯಿಂದ ಕೇಳಿದ್ದನ್ನು ಹೇಳಿದ. ಇಂಫಾಲದ ಸುತ್ತಲಿನ ಬೆಟ್ಟಗಳನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ. ಹಿಂದಿನ ಬೆಂಚಿನವರೂ ಪ್ರಶ್ನೆ ಕೇಳಿದರು. ಅಲ್ಲಿಂದ ಮುಂದೆ ಆ ಸಿನಿಮಾವನ್ನು ತೋರಿಸುವ ಮುಂಚೆ ನಾನು ರೈಲಿನ ನಕ್ಷೆಯನ್ನೂ ಸತ್ತವರ ಸಂಖ್ಯೆಗಳನ್ನೂ ಬೋರ್ಡಿನ ಮೇಲೆ ಬರೆಯುವ ಪದ್ಧತಿ ಮಾಡಿಕೊಂಡೆ. ಸಿನಿಮಾದ ರುಚಿ ಅದರಿಂದ ಯಾರಿಗೂ ಕೆಡಲಿಲ್ಲ. ಸೀಟಿಯ ದೃಶ್ಯಕ್ಕೆ ಅವರೂ ನೆಟ್ಟಗೆ ಕೂತರು.

ನಿವೃತ್ತನಾದ ಮೇಲೆ ಕಾಂಚನಬುರಿಗೆ ಹೋದೆ. ಸೇತುವೆಯ ಮೇಲೆ ಪ್ರವಾಸಿಗರು ತುಂಬಿರುತ್ತಾರೆ. ಆ ಸೇತುವೆಯ ಕೆಳಗಿನ ನದಿ ಮೊದಲು ಮೇಕ್ಲಾಂಗ್. ಸಿನಿಮಾ ನೋಡಿ ಕ್ವಾಯ್ ಎಲ್ಲಿ ಎಂದು ಹುಡುಕಿಕೊಂಡು ಬರುವವರು ಹೆಚ್ಚಾದ ಮೇಲೆ ಅಲ್ಲಿನ ಸರ್ಕಾರ ನದಿಯ ಆ ಭಾಗದ ಹೆಸರನ್ನೇ ಬದಲಿಸಿತು. ಊರಿನ ನಡುವಿನ ಯುದ್ಧ ಸ್ಮಶಾನದಲ್ಲಿ ಸುಮಾರು 7,000 ಸೈನಿಕರ ಸಮಾಧಿಗಳಿವೆ. ಹುಲ್ಲು ಕತ್ತರಿಸಿ, ಹೂಗಿಡ ನೆಟ್ಟು ಚೊಕ್ಕಟವಾಗಿ ಇಟ್ಟಿದ್ದಾರೆ. ಇಪ್ಪತ್ತರ ಆಸುಪಾಸಿನ ಹುಡುಗರ ಹೆಸರು, ವಯಸ್ಸು, ತಂದೆತಾಯಿ ಬರೆಸಿದ ಸಾಲುಗಳು. ಒಂದೊಂದರ ಮುಂದೂ ನಿಂತು ಓದಿದೆ. ಅವರ ಸಾವಿನ ತೂಕವನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಅದೇ ಪಟ್ಟಣದ ಕಬ್ಬಿನ ಗದ್ದೆಯೊಂದರಲ್ಲಿ 1990ರಲ್ಲಿ ಅಗೆದಾಗ ನೂರಾರು ಜನರ ಎಲುಬುಗಳು ಒಟ್ಟಿಗೆ ಸಿಕ್ಕವು, ಏಷ್ಯಾದ ಕೂಲಿಗಳವು. ಹೆಸರು ಒಂದಕ್ಕೂ ಇರಲಿಲ್ಲ. ಪಾಟಿಯ ಅಣ್ಣ ಎಲ್ಲಿ ಬಿದ್ದರೋ, ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ನನಗೂ ಆ ಹೆಸರು ತಿಳಿಯದು. ಪಾಟಿ ಅವರನ್ನು ಅಣ್ಣ ಎಂದಷ್ಟೇ ಹೇಳುತ್ತಿದ್ದರು.

ಸಿನಿಮಾ ನೋಡಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮೊಮ್ಮಕ್ಕಳಿಗೆ ನಾನೇ ತೋರಿಸಿದ್ದೇನೆ. ಅದು ನಿಕೋಲ್ಸನ್ ಎಂಬ ಒಬ್ಬ ಮನುಷ್ಯನ ಬಗ್ಗೆ ದೊಡ್ಡ ಸಿನಿಮಾ, ಆ ರೈಲಿನ ಬಗ್ಗೆ ಸುಳ್ಳು ಸಿನಿಮಾ. ಎರಡನ್ನೂ ಮಕ್ಕಳಿಗೆ ಹೇಳಬಹುದು, ಅವರಿಗೆ ಅರ್ಥವಾಗುತ್ತದೆ.

ಕೆ.ಜಿ.ಎಫ್., ಬಂಗಾರಪೇಟೆ, ಕೋಲಾರದ ಕಡೆಯ ಓದುಗರಲ್ಲಿ ಒಂದು ಕೇಳಿಕೆ. ಗಣಿ 2001ರಲ್ಲಿ ಮುಚ್ಚಿತು, ಲೈನುಗಳ ಜನ ಬೆಂಗಳೂರಿನ ಕೆಲಸಕ್ಕೆ ದಿನಾ ರೈಲು ಹತ್ತಿ ಹೋಗುವವರಾದರು. ಆ ಮನೆಗಳಲ್ಲಿ ಮಲಯಾಕ್ಕೆ ಹೋಗಿ ಬಾರದವರ ನೆನಪು ಇನ್ನೂ ಎಲ್ಲೋ ಉಳಿದಿರಬಹುದು. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹಿರಿಯರಿದ್ದರೆ ಕೇಳಿ. ಹೋದವರ ಹೆಸರು, ಹಳ್ಳಿ, ಸೇರಿದ ತೋಟ, ಕೊನೆಯ ಕಾಗದ ಬಂದ ವರ್ಷ, ಇಷ್ಟನ್ನು ಬರೆದಿಡಿ. ಅವರನ್ನು ಕಣ್ಣಾರೆ ಕಂಡವರು ಈಗ ಬಹಳ ಮಂದಿ ಉಳಿದಿಲ್ಲ.